ಎಟಿಎಂ ಕ್ಯಾಮೆರಾ ಕಾಯುವುದು ಯಾರನ್ನು?

2025ರ ಮೇ 1ರಿಂದ ಎಟಿಎಂ ಶುಲ್ಕ ಏರಿತು. ಉಚಿತ ಮಿತಿ ಮುಗಿದ ಮೇಲೆ ಒಂದು ಸಲ ದುಡ್ಡು ತೆಗೆಯಲು 21 ರೂಪಾಯಿ ಇದ್ದದ್ದು 23ರವರೆಗೆ ಹೋಯಿತು. ಅದರ ಮೇಲೆ ತೆರಿಗೆ ಬೇರೆ. ಆದರೆ ಮುಂಬೈಯ ಎಷ್ಟೋ ಎಟಿಎಂಗಳ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ ವಾಚ್‌ಮನ್ ಈಗ ಇಲ್ಲ. ಅವನಿದ್ದ ಜಾಗದಲ್ಲಿ ‘ಕ್ಯಾಮೆರಾ ನಿಮ್ಮನ್ನು ನೋಡುತ್ತಿದೆ’ ಎಂಬ ಬೋರ್ಡ್ ಇದೆ. ಇತ್ತ ಗ್ಯಾಸ್ ಕಟರ್‌ನಿಂದ ಮೆಷಿನ್ ಕೊಯ್ದ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಲೇ ಇವೆ. ತಮಾಷೆ ಅಂದರೆ, ಆ ವಿಡಿಯೊ ತೆಗೆದದ್ದೂ ಅದೇ ಕ್ಯಾಮೆರಾ.

ಕ್ಯಾಮೆರಾ ಇತ್ತಲ್ಲ, ಮತ್ತೆ ಹೇಗೆ ಕದ್ದರು? ನಮ್ಮಿಂದ ಜಾಸ್ತಿ ದುಡ್ಡು ಕಿತ್ತುಕೊಂಡು ಕಾವಲು ಯಾಕೆ ತೆಗೆದರು? ಹೊಸ ಕಾಲದ ‘ಬುದ್ಧಿವಂತ’ ಕ್ಯಾಮೆರಾ ಬಂದರೆ ಎಲ್ಲ ಸರಿಹೋಗುತ್ತದಾ? ಈ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಒಂದೊಂದಾಗಿ ಬಿಡಿಸಬೇಕು.

ವಾಚ್‌ಮನ್ ಎಲ್ಲಿ ಹೋದ?

ಭಾರತದ ಮೊದಲ ಎಟಿಎಂ ಬಂದದ್ದು ಮುಂಬೈಗೇ, 1987ರಲ್ಲಿ. ಎಚ್‌ಎಸ್‌ಬಿಸಿ ಬ್ಯಾಂಕ್ ಅದನ್ನು ಇಟ್ಟಿತ್ತು. ಆಗ ಎಟಿಎಂ ಅಂದರೆ ಬ್ಯಾಂಕಿನ ಪ್ರತಿಷ್ಠೆ. ಗಾಜಿನ ಕೋಣೆ, ಎಸಿ, ಸಲಾಮು ಹೊಡೆಯುವ ಕಾವಲುಗಾರ, ಎಲ್ಲ ಇರುತ್ತಿತ್ತು. ಇವತ್ತು ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಎಟಿಎಂಗಳಿವೆ. ಪ್ರತಿಷ್ಠೆ ಹೋಗಿ ಖರ್ಚಿನ ಲೆಕ್ಕ ಉಳಿದಿದೆ.

ಆ ಲೆಕ್ಕ ಹೀಗೆ. ನೀವು ಬೇರೆ ಬ್ಯಾಂಕಿನ ಎಟಿಎಂನಲ್ಲಿ ದುಡ್ಡು ತೆಗೆದರೆ, ನಿಮ್ಮ ಬ್ಯಾಂಕು ಆ ಬ್ಯಾಂಕಿಗೆ ಬಾಡಿಗೆಯಂತೆ ಒಂದು ಮೊತ್ತ ಕೊಡುತ್ತದೆ. ಇದನ್ನು ಇಂಟರ್‌ಚೇಂಜ್ ಶುಲ್ಕ ಅನ್ನುತ್ತಾರೆ. 2025ರ ಮೇ ತಿಂಗಳಿಂದ ಅದು 17ರಿಂದ 19 ರೂಪಾಯಿಗೆ ಏರಿದೆ. ಒಂದು ಎಟಿಎಂನಲ್ಲಿ ದಿನಕ್ಕೆ ಬೇರೆ ಬ್ಯಾಂಕಿನ ಗ್ರಾಹಕರು ನೂರು ಸಲ ದುಡ್ಡು ತೆಗೆದರು ಅಂತಿಟ್ಟುಕೊಳ್ಳಿ. ತಿಂಗಳಿಗೆ 57 ಸಾವಿರ ರೂಪಾಯಿ ಬಂತು. ಈಗ ಕಾವಲಿನ ಲೆಕ್ಕ ಹಾಕಿ. ಮೂರು ಪಾಳಿಗೆ ಮೂರು ಜನ ಬೇಕು, ವಾರದ ರಜೆ ತುಂಬಲು ಇನ್ನೊಬ್ಬ. ತಲೆಗೆ 15 ಸಾವಿರ ಅಂತ ಹಿಡಿದರೂ 60 ಸಾವಿರ ಆಯಿತು. ಮುಂಬೈಯ ಅಂಗಡಿ ಬಾಡಿಗೆ, ಕರೆಂಟು, ಹಣ ತುಂಬುವ ವ್ಯಾನಿನ ಖರ್ಚು ಇನ್ನೂ ಸೇರಿಸಿಲ್ಲ. ಇದು ಸುಮ್ನೆ ಉದಾಹರಣೆಗೆ ಹಾಕಿದ ಲೆಕ್ಕ. ಆದರೆ ವಾಚ್‌ಮನ್ ಯಾಕೆ ಹೋದ ಅನ್ನುವುದಕ್ಕೆ ಇಷ್ಟು ಸಾಕು.

ಯುಪಿಐ ಬಂದ ಮೇಲೆ ಸಣ್ಣ ಖರ್ಚಿಗೆ ನೋಟು ತೆಗೆಯುವವರು ಕಡಿಮೆಯಾದರು. ಎಟಿಎಂಗೆ ಬರುವ ಜನ ಕಡಿಮೆಯಾದಷ್ಟೂ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಶುಲ್ಕ ಏರಿದರೂ ಕಾವಲು ವಾಪಸ್ ಬರದೇ ಇರುವುದಕ್ಕೆ ಕಾರಣ ಇದೇ. ಏರಿದ ಎರಡು ರೂಪಾಯಿ ಹಳೆಯ ತೂತನ್ನು ಮುಚ್ಚಲಿಕ್ಕೇ ಹೋಗುತ್ತದೆ.

ನೋಡುವುದು ಬೇರೆ, ತಡೆಯುವುದು ಬೇರೆ

2013ರ ನವೆಂಬರ್ 19ರ ಬೆಳಗ್ಗೆ ಬೆಂಗಳೂರಿನ ಎಟಿಎಂ ಒಂದರಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಒಳಗೆ ನುಗ್ಗಿದವನು ಶಟರ್ ಎಳೆದುಕೊಂಡದ್ದರಿಂದ ಹಿಡಿದು ಎಲ್ಲವೂ ಕ್ಯಾಮೆರಾದಲ್ಲಿ ದಾಖಲಾಯಿತು. ಅವನ ಮುಖ ದೇಶಕ್ಕೆಲ್ಲ ಗೊತ್ತಾಯಿತು. ಆದರೂ ಅವನು ಸಿಕ್ಕಿದ್ದು 2017ರಲ್ಲಿ. ಮುಖ ಗೊತ್ತಿದ್ದೂ ಮೂರು ವರ್ಷಕ್ಕೂ ಹೆಚ್ಚು ಕಾಲ ಅವನು ಪೊಲೀಸರ ಕೈಗೆ ಸಿಗಲಿಲ್ಲ.

ಇನ್ನೊಂದು ಪ್ರಕರಣ ಮುಂಬೈಗೂ ತಳುಕು ಹಾಕಿಕೊಂಡಿದೆ. 2016ರಲ್ಲಿ ತಿರುವನಂತಪುರದ ಒಂದು ಎಟಿಎಂಗೆ ಕೆಲವು ವಿದೇಶಿಯರು ಬಂದು, ಹೊಗೆ ಪತ್ತೆಹಚ್ಚುವ ಡಬ್ಬಿಯ ಹಾಗೆ ಕಾಣುವ ಒಂದು ಸಾಧನ ಕೂರಿಸಿದರು. ಅದರೊಳಗೆ ಗ್ರಾಹಕರ ಪಿನ್ ಕದಿಯುವ ಕ್ಯಾಮೆರಾ ಇತ್ತು. ಕಾರ್ಡುಗಳ ನಕಲು ಮಾಡಿ ಮುಂಬೈಯ ಎಟಿಎಂಗಳಿಂದ ದುಡ್ಡು ತೆಗೆದರು. ಅವರಲ್ಲಿ ಒಬ್ಬ ಸಿಕ್ಕಿಬಿದ್ದದ್ದೂ ಮುಂಬೈಯಲ್ಲೇ. ಗಮನಿಸಿ, ಕಳ್ಳರು ತಮ್ಮ ಕ್ಯಾಮೆರಾ ಕೂರಿಸುವುದನ್ನು ಬ್ಯಾಂಕಿನ ಕ್ಯಾಮೆರಾ ಚೆನ್ನಾಗಿಯೇ ಚಿತ್ರೀಕರಿಸಿತ್ತು. ಆ ಹೊತ್ತಿನಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ, ಅಷ್ಟೇ.

2022ರ ಏಪ್ರಿಲ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಮಿರಜ ಕಡೆ ಕಳ್ಳರು ಜೆಸಿಬಿಯನ್ನೇ ತಂದರು. ಅದರ ಬಕೆಟ್ ಗಾಜಿನ ಬಾಗಿಲು ಒಡೆದು ಒಳಗೆ ಬಂದು ಮೆಷಿನ್ ಕಿತ್ತೆಳೆಯುವ ದೃಶ್ಯ ಊರಿಗೆಲ್ಲ ಹಬ್ಬಿತು. ಕ್ಯಾಮೆರಾ ತನ್ನ ಕೆಲಸ ಮಾಡಿತ್ತು, ಅಲ್ವಾ?

ಈ ಮೂರರಲ್ಲೂ ಕ್ಯಾಮೆರಾ ಸಾಕ್ಷಿ ಮಾತ್ರ. ಹಳೆಯ ವ್ಯವಸ್ಥೆ ಇದ್ದದ್ದೇ ಹಾಗೆ. ಕ್ಯಾಮೆರಾದ ಚಿತ್ರ ಅದೇ ಕೋಣೆಯ ಹಿಂಭಾಗದಲ್ಲಿದ್ದ, ವಿಡಿಯೊ ದಾಖಲಿಸುವ ಡಿವಿಆರ್ ಪೆಟ್ಟಿಗೆಗೆ ಹೋಗಿ ಕೂರುತ್ತಿತ್ತು. ಕಳ್ಳತನ ಆದ ಮೇಲೆ ಪೊಲೀಸರು ಬಂದು ಪೆಟ್ಟಿಗೆ ತೆರೆಯಬೇಕು. ಬುದ್ಧಿವಂತ ಕಳ್ಳರು ಹೋಗುವಾಗ ಆ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ಅಲ್ಲಿಗೆ ಸಾಕ್ಷಿಯೂ ಇಲ್ಲ.

ಹೊಸ ಕ್ಯಾಮೆರಾದಲ್ಲಿ ಹೊಸದೇನು

ಚಿತ್ರ ಸ್ಪಷ್ಟವಾಗಿದೆ ಅನ್ನುವುದು ಸಣ್ಣ ಮಾತು. ಅದೂ ಬೇಕೇಬೇಕು. ಎಟಿಎಂ ಕೋಣೆಯ ಗಾಜಿನ ಬಾಗಿಲಿನಿಂದ ಬಿಸಿಲು ಬೀಳುವಾಗ ಹಳೆಯ ಕ್ಯಾಮೆರಾದಲ್ಲಿ ಒಳಗಿರುವ ಮನುಷ್ಯ ಕಪ್ಪು ನೆರಳಾಗಿ ಕಾಣುತ್ತಿದ್ದ. ಹೊಸದರಲ್ಲಿ ಬೆಳಕು ನೆರಳು ಎರಡನ್ನೂ ಸರಿದೂಗಿಸುವ ತಂತ್ರ ಇದೆ. ಮೆಷಿನ್ನಿನ ಮುಖದಲ್ಲೇ ಸೂಜಿಕಣ್ಣಿನಂಥ ಒಂದು ಪುಟ್ಟ ಕ್ಯಾಮೆರಾ, ಮಾಡಿನಲ್ಲಿ ಗುಮ್ಮಟದಂಥದ್ದು ಒಂದು, ಹಣ ತುಂಬುವ ಹಿಂಬದಿ ಕೋಣೆಯಲ್ಲಿ ಇನ್ನೊಂದು, ಹೀಗೆ ಹಂಚಿ ಇಡುತ್ತಾರೆ. ಪಿನ್ ಒತ್ತುವ ಕೀಲಿಗಳು ಮಾತ್ರ ಯಾವುದರ ಕಣ್ಣಿಗೂ ಬೀಳಬಾರದು.

ನಿಜವಾದ ಬದಲಾವಣೆ ಬೇರೆ. ಚಿತ್ರ ಈಗ ಕೋಣೆಯಲ್ಲೇ ಉಳಿಯುವುದಿಲ್ಲ. ಸಿಮ್ ಮೂಲಕ ದೂರದ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಕ್ಯಾಮೆರಾ ಜೊತೆಗೆ ಅಲುಗಾಟ, ಬಿಸಿ, ಬಾಗಿಲು ತೆರೆದದ್ದು ಇವನ್ನು ಗುರುತಿಸುವ ಸೆನ್ಸರ್‌ಗಳಿರುತ್ತವೆ. ಗ್ಯಾಸ್ ಕಟರ್ ಹಚ್ಚಿದರೆ ಬಿಸಿ ಏರುತ್ತದೆ, ಹಾರೆ ಹಾಕಿದರೆ ಮೆಷಿನ್ ಅಲುಗುತ್ತದೆ. ಸೂಚನೆ ಬಂದ ಕೂಡಲೇ ಕಂಟ್ರೋಲ್ ರೂಮಿನ ಪರದೆ ಮೇಲೆ ಆ ಎಟಿಎಂ ಚಿತ್ರ ಏಳುತ್ತದೆ. ಅಲ್ಲಿರುವವರು ಸ್ಪೀಕರ್‌ನಲ್ಲಿ ಮಾತಾಡಬಹುದು, ಹೂಟರ್ ಕೂಗಿಸಬಹುದು, 112ಕ್ಕೆ ಫೋನ್ ಮಾಡಬಹುದು.

ಇದರ ಮೇಲೆ ಸಾಫ್ಟ್‌ವೇರ್ ಬರುತ್ತದೆ. ಹೆಲ್ಮೆಟ್ ಹಾಕಿ ಒಳಗೆ ಬಂದವರು, ದುಡ್ಡು ತೆಗೆಯದೆ ತುಂಬ ಹೊತ್ತು ನಿಂತವರು, ಒಟ್ಟಿಗೆ ನಾಲ್ಕೈದು ಜನ ನುಗ್ಗಿದ್ದು, ಮೆಷಿನ್ ಮೇಲೆ ಹೊಸ ವಸ್ತು ಅಂಟಿಸಿದ್ದು, ಇವನ್ನೆಲ್ಲ ಅದು ಗುರುತಿಸಲು ನೋಡುತ್ತದೆ. ನನ್ನ ಪ್ರಕಾರ ಇವೆಲ್ಲಕ್ಕಿಂತ ಬೆಲೆಬಾಳುವ ಸೂಚನೆ ಒಂದೇ. ಅದು ‘ಕ್ಯಾಮೆರಾಗೆ ಏನೂ ಕಾಣುತ್ತಿಲ್ಲ’ ಅನ್ನುವುದು. ಕಳ್ಳ ಮೊದಲು ಮಾಡುವುದೇ ಕ್ಯಾಮೆರಾಗೆ ಬಣ್ಣ ಹೊಡೆಯುವುದು ಅಥವಾ ವೈರ್ ಕೀಳುವುದು. ಹಳೆಯ ವ್ಯವಸ್ಥೆಯಲ್ಲಿ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಹೊಸದರಲ್ಲಿ ಕ್ಯಾಮೆರಾ ಕುರುಡಾಯಿತು ಅನ್ನುವುದೇ ಅಲಾರಂ. ಕಳ್ಳನ ಮೊದಲ ಹೆಜ್ಜೆಯೇ ಅವನ ಮೇಲೆ ಚಾಡಿ ಹೇಳುತ್ತದೆ.

ರಿಸರ್ವ್ ಬ್ಯಾಂಕ್ 2019ರ ಜೂನ್ 14ರ ಸುತ್ತೋಲೆಯಲ್ಲಿ ಎಟಿಎಂಗಳನ್ನು ಗೋಡೆಗೋ ಕಂಬಕ್ಕೋ ನೆಲಕ್ಕೋ ಭದ್ರವಾಗಿ ಬಿಗಿಯಬೇಕು ಅಂತ ಹೇಳಿತು. ಅದಕ್ಕೆ ಆ ವರ್ಷದ ಸೆಪ್ಟೆಂಬರ್ 30ರ ಗಡುವು ಇತ್ತು. ಹಣ ತುಂಬುವಾಗ ಒಂದೇ ಸಲ ಕೆಲಸ ಮಾಡುವ ಸಂಕೇತದ ಡಿಜಿಟಲ್ ಬೀಗ ಇರಬೇಕು ಅಂತಲೂ ಹೇಳಿತು. ಆದರೆ ದೂರದಿಂದ ಕಣ್ಣಿಡುವ ಇ-ಕಣ್ಗಾವಲಿನ ಬಗ್ಗೆ ಅದರ ಮಾತು ಮೆತ್ತಗಿತ್ತು. ಬ್ಯಾಂಕ್‌ಗಳು ಅದನ್ನು ‘ಪರಿಗಣಿಸಬಹುದು’ ಅಷ್ಟೇ. ಬೀಗಕ್ಕೆ ‘ಬೇಕು’, ಕಣ್ಣಿಗೆ ‘ಬಹುದು’. ಒಂದೇ ಬೀದಿಯ ಎರಡು ಎಟಿಎಂಗಳಲ್ಲಿ ಒಂದಕ್ಕೆ ಜೀವಂತ ಕಣ್ಗಾವಲು, ಇನ್ನೊಂದಕ್ಕೆ ಹಳೆಯ ಪೆಟ್ಟಿಗೆ ಇರಲು ಈ ಒಂದು ಪದವೂ ಕಾರಣ.

ಮಳೆಗಾಲದ ಅಲಾರಂ

ಕಂಟ್ರೋಲ್ ರೂಮಿನಲ್ಲಿ ಒಬ್ಬ ಆಪರೇಟರ್ ಒಂದೇ ಎಟಿಎಂ ನೋಡುತ್ತಾ ಕೂರುವುದಿಲ್ಲ. ಅವನ ಪಾಲಿಗೆ ಹತ್ತಾರು, ನೂರಾರು ಜಾಗಗಳಿರುತ್ತವೆ. ಅಲಾರಂ ಬಂದ ಕಡೆ ಮಾತ್ರ ಅವನ ಕಣ್ಣು. ಹಾಗಾಗಿ ಸುಳ್ಳು ಅಲಾರಂ ದೊಡ್ಡ ತಲೆನೋವು.

ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನಾಗುತ್ತದೆ ನೋಡಿ. ರೇನ್‌ಕೋಟ್ ಟೋಪಿ ಎಳೆದುಕೊಂಡವರು, ಹೆಲ್ಮೆಟ್ ತೆಗೆಯದ ಡೆಲಿವರಿ ಹುಡುಗರು, ಮಳೆ ನಿಲ್ಲಲಿ ಅಂತ ಹದಿನೈದು ನಿಮಿಷ ಒಳಗೆ ನಿಂತವರು, ಎಲ್ಲರೂ ಸಾಫ್ಟ್‌ವೇರ್ ಕಣ್ಣಿಗೆ ಅನುಮಾನಾಸ್ಪದರೇ. ರಾತ್ರಿ ಕ್ಯಾಮೆರಾದ ಅತಿಗೆಂಪು ದೀಪಕ್ಕೆ ಹುಳ ಮುತ್ತುತ್ತದೆ. ಹುಳ ತಿನ್ನಲು ಜೇಡ ಬಂದು ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತದೆ. ಬಲೆ ಅಲ್ಲಾಡಿದರೂ ಅಲಾರಂ. ಎಸಿ ತಂಪಿಗೆ ಬಂದು ಮಲಗಿದ ನಾಯಿ ಎದ್ದು ಮೈ ಕೊಡವಿದರೂ ಅಲಾರಂ. ಲೋಕಲ್ ಟ್ರೈನಿನ ಹಳಿಗೆ ಅಂಟಿಕೊಂಡ ಕಟ್ಟಡದಲ್ಲಿ ಅಲುಗಾಟದ ಸೆನ್ಸರ್ ತೀರಾ ಚುರುಕಾಗಿದ್ದರೆ ಅದರ ಗತಿ ಊಹಿಸಿಕೊಳ್ಳಿ.

ಇದರ ಪರಿಣಾಮ ಎರಡು. ದಿನಕ್ಕೆ ನೂರು ಸುಳ್ಳು ಸೂಚನೆ ನೋಡಿದ ಆಪರೇಟರ್ ನೂರೊಂದನೆಯದನ್ನು ಪೂರ್ತಿ ನೋಡದೇ ಒರೆಸಿಬಿಡುತ್ತಾನೆ. ಅಥವಾ ಕಾಟ ತಡೆಯಲಾರದೆ ಸೆನ್ಸರ್ ಚುರುಕುತನವನ್ನೇ ಇಳಿಸುತ್ತಾರೆ. ಎರಡರಿಂದಲೂ ಲಾಭ ಕಳ್ಳನಿಗೇ. ಕ್ಯಾಮೆರಾ ಕೊಳ್ಳುವಾಗ ಬರುವ ಹುರುಪು ಲೆನ್ಸ್ ಒರೆಸುವಾಗ ಇರುವುದಿಲ್ಲ. ಬಟ್ಟೆ ಹಿಡಿದು ವಾರಕ್ಕೊಮ್ಮೆ ಬರುವ ಮನುಷ್ಯನೂ ಈ ‘ಆಧುನಿಕ’ ವ್ಯವಸ್ಥೆಯ ಭಾಗವೇ. ಟೆಂಡರ್ ಲೆಕ್ಕದಲ್ಲಿ ಅವನನ್ನು ಮರೆಯುವುದು ಸುಲಭ.

ಅಲಾರಂ ಹೊಡೆಯಿತು, ಬರುವವರು ಯಾರು?

ನಗರದ ನಡುವೆ ಉತ್ತರ ಸುಲಭ. ಮುಂಬೈಯಲ್ಲಿ 26/11ರ ದಾಳಿಯ ನಂತರ ರೂಪುಗೊಂಡು 2016ರಲ್ಲಿ ಶುರುವಾದ ನಗರ ಕಣ್ಗಾವಲು ಯೋಜನೆಯಲ್ಲಿ 4,700ಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು. ರಸ್ತೆಯಲ್ಲಿ ಗಸ್ತು ಇರುತ್ತದೆ, ರಾತ್ರಿಯೂ ಜನ ಓಡಾಡುತ್ತಾರೆ. ಮಾಟುಂಗಾದ ಎಟಿಎಂನಲ್ಲಿ ಹೂಟರ್ ಕೂಗಿದರೆ ಕಿಟಕಿಯಿಂದ ನಾಲ್ಕು ತಲೆಯಾದರೂ ಹೊರಬರುತ್ತವೆ.

ಪುಣೆಯ ಹೊರವಲಯಕ್ಕೆ ಹೋದರೆ ಮಾತೇ ಬೇರೆ. ಚಾಕಣದಂಥ ಕೈಗಾರಿಕಾ ಪ್ರದೇಶದಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ಹೋದ ಕಾರ್ಮಿಕರೂ ಇದ್ದಾರೆ. ಸಂಬಳ ಬಂದ ದಿನ ಅಲ್ಲಿನ ಎಟಿಎಂಗಳಲ್ಲಿ ನೋಟು ತುಂಬಿರುತ್ತದೆ. ರಾತ್ರಿಯಾದರೆ ರಸ್ತೆ ಖಾಲಿ. 2021ರ ಜುಲೈನಲ್ಲಿ ಚಾಕಣ ಬಳಿ ಸ್ಫೋಟಕ ಬಳಸಿಯೇ ಎಟಿಎಂ ಒಡೆದಿದ್ದರು. ಇಂಥ ಕಡೆ ಕಂಟ್ರೋಲ್ ರೂಮಿಗೆ ಹತ್ತು ಸೆಕೆಂಡಿನಲ್ಲಿ ಗೊತ್ತಾದರೂ ಪೊಲೀಸ್ ಗಾಡಿ ಬರಲು ಹಿಡಿಯುವ ಹೊತ್ತೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕಳ್ಳನಿಗೆ ಬೇಕಿರುವುದು ಕೆಲವೇ ನಿಮಿಷ. ವಿಚಿತ್ರ ಅಂದರೆ, ಒಳ್ಳೆಯ ವ್ಯವಸ್ಥೆ ಜಾಸ್ತಿ ಬೇಕಿರುವುದು ಇಂಥ ಜಾಗಕ್ಕೆ. ಆದರೆ ನೆಟ್‌ವರ್ಕ್ ಕೈಕೊಡುವುದೂ ಇಲ್ಲೇ, ಎಟಿಎಂ ಆದಾಯ ಕಡಿಮೆ ಇರುವುದೂ ಇಂಥಲ್ಲೇ.

ಮನುಷ್ಯನಾ, ಮೆಷಿನ್ನಾ?

ಬ್ಯಾಂಕ್‌ಗಳ ವಾದ ಹೀಗಿದೆ. ಕೈಯಲ್ಲಿ ಲಾಠಿಯೂ ಇಲ್ಲದ ಅರವತ್ತರ ಅಜ್ಜ ಗ್ಯಾಸ್ ಕಟರ್ ತಂಡವನ್ನು ತಡೆಯಲಾರ. ಅವನ ಜೀವಕ್ಕೇ ಅಪಾಯ. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ತುಂಬುವ ಹಣ ಸಾಗಿಸುತ್ತಿದ್ದವರ ಮೇಲೆ ಹಾಡಹಗಲೇ ಗುಂಡು ಹಾರಿತು, ಸಿಬ್ಬಂದಿ ಒಬ್ಬರು ಸತ್ತೇ ಹೋದರು. ಹೀಗಿರುವಾಗ ಬರಿಗೈ ಕಾವಲುಗಾರ ಏನು ಮಾಡಿಯಾನು? ಕ್ಯಾಮೆರಾಗೆ ನಿದ್ದೆ ಬರುವುದಿಲ್ಲ, ಅದು ಯಾರಿಗೂ ಹೆದರುವುದಿಲ್ಲ.

ಪೊಲೀಸರು ಇದನ್ನು ಒಪ್ಪುವುದಿಲ್ಲ. ಬೆಂಗಳೂರಿನ 2013ರ ಘಟನೆಯ ನಂತರ ಅಲ್ಲಿ ಕಾವಲುಗಾರರಿಲ್ಲದ ಎಟಿಎಂಗಳನ್ನು ಮುಚ್ಚಿಸಿದ್ದರು. ಬಾಗಿಲಲ್ಲಿ ಒಬ್ಬ ಮನುಷ್ಯ ಇದ್ದರೆ ಸಾಮಾನ್ಯ ಕಳ್ಳ ಮುಂದಿನ ಬೀದಿಗೆ ಹೋಗುತ್ತಾನೆ ಅನ್ನುವುದು ಅವರ ಅನುಭವ. ಅದೂ ಸುಳ್ಳಲ್ಲ. ಮಹಾರಾಷ್ಟ್ರದಲ್ಲಿ ಖಾಸಗಿ ಸೆಕ್ಯೂರಿಟಿ ಗಾರ್ಡ್‌ಗಳ ನೇಮಕ ಮತ್ತು ಕಲ್ಯಾಣಕ್ಕೆ 1981ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಕ್ಯಾಮೆರಾ ಬಂತು ಅಂದರೆ ಈ ಜನರ ಒಂದು ದುಡಿಮೆಯ ದಾರಿ ಹೋಯಿತು ಅನ್ನುವುದು ಮೂರನೆಯ ಮಾತು.

ಎರಡು ಕಡೆಯವರೂ ಮಾತಾಡುತ್ತಿರುವುದು ಹಣದ ಪೆಟ್ಟಿಗೆಯ ಬಗ್ಗೆ. ಎಟಿಎಂನೊಳಗಿನ ಹಣಕ್ಕೆ ಸಾಮಾನ್ಯವಾಗಿ ವಿಮೆ ಇರುತ್ತದೆ. ಮೆಷಿನ್ ಒಡೆದರೆ ನಿಮ್ಮ ಖಾತೆಯಿಂದ ಒಂದು ಪೈಸೆಯೂ ಹೋಗುವುದಿಲ್ಲ. ಗ್ರಾಹಕ ದುಡ್ಡು ಕಳೆದುಕೊಳ್ಳುವುದು ಬೇರೆ ರೀತಿಯಲ್ಲಿ.

ಅಜ್ಜನ ಕಾರ್ಡ್ ಬದಲಾದಾಗ

ತೀರಾ ಮಾಮೂಲಿ ಮೋಸ ಇದು. ವಯಸ್ಸಾದವರು ಎಟಿಎಂನಲ್ಲಿ ತಡವರಿಸುತ್ತಾರೆ. ಹಿಂದೆ ನಿಂತವನು ‘ನಾನು ಮಾಡಿಕೊಡ್ತೀನಿ’ ಅನ್ನುತ್ತಾನೆ. ಪಿನ್ ನೋಡಿಕೊಳ್ಳುತ್ತಾನೆ, ಅದೇ ಬಣ್ಣದ ಬೇರೆ ಕಾರ್ಡ್ ಕೈಗಿಡುತ್ತಾನೆ. ಅರ್ಧ ಗಂಟೆಯಲ್ಲಿ ಖಾತೆ ಖಾಲಿ. ಭಾಷೆ ಸರಿಯಾಗಿ ಬರದ ಊರಿಗೆ ದುಡಿಯಲು ಹೋದವರಿಗೂ, ಮುಂಬೈಯ ಮಗನ ಮನೆಗೆ ಬಂದ ಊರಿನ ಅಪ್ಪ ಅಮ್ಮನಿಗೂ ಈ ಅಪಾಯ ಜಾಸ್ತಿ. ಬಾಗಿಲಲ್ಲಿದ್ದ ವಾಚ್‌ಮನ್ ಜೆಸಿಬಿಯನ್ನು ತಡೆಯದಿರಬಹುದು. ಇಂಥ ‘ಸಹಾಯಕ’ನನ್ನು ಖಂಡಿತ ಗದರಿಸಿ ಕಳಿಸುತ್ತಿದ್ದ.

ಈ ಮೋಸದಲ್ಲಿ ಸೆನ್ಸರ್ ಅಲುಗುವುದಿಲ್ಲ, ಬಿಸಿ ಏರುವುದಿಲ್ಲ. ನಿಜವಾದ ಕಾರ್ಡ್, ಸರಿಯಾದ ಪಿನ್. ಬ್ಯಾಂಕಿನ ಕಂಪ್ಯೂಟರ್ ಕಣ್ಣಿಗೆ ಎಲ್ಲವೂ ನೆಟ್ಟಗಿದೆ. ದುಡ್ಡು ತೆಗೆದವನು ನೀವಲ್ಲ ಅಂತ ಹೇಳಬಲ್ಲದ್ದು ಒಂದೇ, ಕ್ಯಾಮೆರಾದ ಫುಟೇಜ್.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕನ ಪರ ಒಂದಿಷ್ಟು ಹೇಳಿತು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರ ಕೈಚಳಕ ಅಂತಾದರೆ, ಬ್ಯಾಂಕಿನ ಸಂದೇಶ ಬಂದು ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊರೆ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೊರೆಯ ಮಿತಿ 10,000 ರೂಪಾಯಿ. ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಆದರೆ ಪಿನ್ ಬೇರೆಯವರಿಗೆ ಕೊಟ್ಟಂಥ ಅಜಾಗರೂಕತೆ ಇದ್ದರೆ, ದೂರು ಕೊಡುವವರೆಗಿನ ನಷ್ಟ ಗ್ರಾಹಕನ ತಲೆಗೆ. ಅಜ್ಜ ಪಿನ್ ಕೊಟ್ಟರಾ, ಅವನು ಕದ್ದು ನೋಡಿದನಾ? ಜಗಳವೆಲ್ಲ ಇಲ್ಲಿಗೆ ಬಂದು ನಿಲ್ಲುತ್ತದೆ. ಗ್ರಾಹಕ ಆಯೋಗಗಳ ತೀರ್ಪುಗಳೂ ಎರಡು ದಿಕ್ಕಿನಲ್ಲಿವೆ. ಕಾರ್ಡ್ ಮತ್ತು ಪಿನ್ ಇಲ್ಲದೆ ಹಣ ಬರುವುದೇ ಇಲ್ಲ ಅಂತ ಬ್ಯಾಂಕ್ ಪರ ಹೇಳಿದ್ದುಂಟು. ಫುಟೇಜ್ ಯಾಕೆ ತರಲಿಲ್ಲ ಅಂತ ಬ್ಯಾಂಕಿಗೆ ದಂಡ ಹಾಕಿದ್ದೂ ಉಂಟು.

ಫುಟೇಜ್ ಶಾಶ್ವತ ಅಲ್ಲ. ಬ್ಯಾಂಕ್‌ಗಳು ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು ಇಟ್ಟುಕೊಂಡು, ಆಮೇಲೆ ಅದರ ಮೇಲೆ ಹೊಸದನ್ನು ಬರೆಯುತ್ತವೆ. ಲಾಕರ್ ಕೋಣೆಯ ಫುಟೇಜನ್ನು ಕನಿಷ್ಠ 180 ದಿನ ಇಡಬೇಕು ಅಂತ 2021ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಚಿನ್ನ ಇಡುವವರ ಕೋಣೆಗೆ ಇಷ್ಟು ದಿನ, ನೋಟು ತೆಗೆಯುವವರ ಕೋಣೆಗೆ ಯಾಕಿಲ್ಲ? ಶಾಖೆ, ಠಾಣೆ, ಮತ್ತೆ ಶಾಖೆ ಅಂತ ಅಲೆದಾಡುವಷ್ಟರಲ್ಲಿ ತಿಂಗಳುಗಳೇ ಜಾರುತ್ತವೆ. ಅದಕ್ಕೇ ಮೊದಲ ದಿನದ ದೂರಿನಲ್ಲೇ ಎಟಿಎಂ ಸಂಖ್ಯೆ, ತಾರೀಕು, ಸಮಯ ಬರೆದು ‘ಈ ಫುಟೇಜ್ ಅಳಿಸದೆ ಕಾದಿಡಿ’ ಅಂತ ಲಿಖಿತವಾಗಿ ಕೇಳಬೇಕು. ಸೈಬರ್ ದೂರಿಗೆ 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕ್ 30 ದಿನ ಸುಮ್ಮನಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಕೋರ್ಟಿನಲ್ಲಿ ಇನ್ನೊಂದು ಗಂಟು ಇದೆ. ವಿಡಿಯೊ ಪ್ರತಿ ಸಾಕ್ಷಿಯಾಗಬೇಕಾದರೆ ಅದು ಅಸಲಿ ದಾಖಲೆಯದೇ ಪ್ರತಿ ಅನ್ನುವ ಪ್ರಮಾಣಪತ್ರ ಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದ್ದು ಮಹಾರಾಷ್ಟ್ರದ ಜಾಲನಾ ಕ್ಷೇತ್ರದ ಚುನಾವಣಾ ತಕರಾರಿನಲ್ಲಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮೂ ಅದನ್ನೇ ಕೇಳುತ್ತದೆ. ಜೊತೆಗೆ ಫೈಲಿನ ಹ್ಯಾಶ್, ಅಂದರೆ ಅದರ ಡಿಜಿಟಲ್ ಬೆರಳಚ್ಚು ಕೂಡ ಬೇಕು. ಫೋನಿನಿಂದ ಪರದೆಯ ವಿಡಿಯೊ ತೆಗೆದುಕೊಂಡರೆ ಸಾಲದು.

ಕ್ಯಾಮೆರಾಗೂ ಒಂದು ಬೀಗ

ಇಂಟರ್ನೆಟ್ಟಿಗೆ ಸೇರಿದ ಕ್ಯಾಮೆರಾ ಒಂದು ಸಣ್ಣ ಕಂಪ್ಯೂಟರ್. ಪಾಸ್‌ವರ್ಡ್ ಸಡಿಲವಾಗಿದ್ದರೆ ಕಳ್ಳನೂ ಅದರೊಳಗಿಂದ ನೋಡಬಹುದು. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಲು ಹೊರಟದ್ದು ಇದಕ್ಕೇ. ಗಡುವು ಮುಂದೆ ಹೋಗಿ 2025ರ ಏಪ್ರಿಲ್‌ನಿಂದ ಜಾರಿಗೆ ಬಂತು. ಇದರಿಂದ ಅಗ್ಗದ ಕ್ಯಾಮೆರಾ ಸಿಗುವುದು ಕಷ್ಟವಾಗುತ್ತದೆ, ಹಳೆಯದನ್ನು ಬದಲಿಸುವ ಕೆಲಸ ನಿಧಾನವಾಗಬಹುದು.

ಕ್ಯಾಮೆರಾಗೆ ಕಾಣದ ಕಳ್ಳತನವೂ ಇದೆ ಅನ್ನುವುದನ್ನು ಪುಣೆ ಮರೆತಿಲ್ಲ. 2018ರ ಆಗಸ್ಟ್‌ನಲ್ಲಿ ಅಲ್ಲಿನ ಕಾಸ್ಮೋಸ್ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಗೇ ಕನ್ನ ಹಾಕಿ ಸುಮಾರು 94 ಕೋಟಿ ರೂಪಾಯಿ ಲಪಟಾಯಿಸಿದರು. ನಕಲಿ ಕಾರ್ಡ್ ಹಿಡಿದವರು 28 ದೇಶಗಳ ಎಟಿಎಂಗಳಲ್ಲಿ ಸಾಲು ನಿಂತು ದುಡ್ಡು ತೆಗೆದರು. ಯಾವ ಮೆಷಿನ್ನೂ ಒಡೆಯಲಿಲ್ಲ, ಯಾವ ಹೂಟರೂ ಕೂಗಲಿಲ್ಲ. 2023ರಲ್ಲಿ ಪುಣೆ ಕೋರ್ಟ್ 11 ಜನರಿಗೆ ಶಿಕ್ಷೆ ಕೊಟ್ಟಿತು.

ಮುಂದೇನು

ಕೋಣೆಗಳಲ್ಲಿ ಕ್ಯಾಮೆರಾ ಇನ್ನೂ ಜಾಸ್ತಿಯಾಗುತ್ತವೆ, ಮುಖ ಗುರುತಿಸುವ ಸಾಫ್ಟ್‌ವೇರೂ ಬರುತ್ತದೆ. ಆಗ ನಮ್ಮ ಮುಖ ಯಾರ ಹತ್ತಿರ, ಎಷ್ಟು ದಿನ ಇರುತ್ತದೆ ಅನ್ನುವ ಪ್ರಶ್ನೆ ಏಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳವರೆಗೆ. ನಿಮ್ಮ ಮಾಹಿತಿಯ ಸಾರಾಂಶ ಕೇಳುವ ಹಕ್ಕು ಆ ಕಾಯ್ದೆಯಲ್ಲಿದೆ, ಅಪರಾಧ ಪತ್ತೆಯ ಕೆಲಸಕ್ಕೆ ವಿನಾಯಿತಿಯೂ ಇದೆ. ಎಟಿಎಂನಲ್ಲಿ ನೀವು ನಿಂತಿದ್ದ ಆ ಎರಡು ನಿಮಿಷದ ವಿಡಿಯೊ ಪ್ರತಿಯನ್ನು ಬ್ಯಾಂಕ್ ನಿಮ್ಮ ಕೈಗೆ ಕೊಡಲೇಬೇಕು ಅನ್ನುವ ಸಾಲು ಮಾತ್ರ ಅದರಲ್ಲಿಲ್ಲ.